ಗಂಟಕ್ಕನ ನಾಲ್ಕನೇ ಅಧ್ಯಾಯ

ಗಂಟಕ್ಕನಿಗೆ ಆ ಹೆಸರು ಬಂದದ್ದು ಮುಖದಿಂದ ಎಂದು ಹೊಸಬರೆಲ್ಲ ತಿಳಿಯುತ್ತಿದ್ದರು. ತಿಳಿದರೂ ದೊಡ್ಡ ತಪ್ಪೇನಿಲ್ಲ. ಬೆಳಿಗ್ಗೆ ಮೂರು ಮಹಡಿ ಹತ್ತಿ ಬಂದು, ಚೀಲವನ್ನು ಮೇಜಿನ ಕೆಳಗೆ ತಳ್ಳಿ, ಕುರ್ಚಿಯಲ್ಲಿ ಕುಸಿಯುವ ಹೊತ್ತಿಗೆ ಅವಳ ಎರಡು ಹುಬ್ಬೂ ಒಂದಕ್ಕೊಂದು ಗಂಟು ಬಿದ್ದಿರುತ್ತಿದ್ದವು. ಆ ಕಟ್ಟಡಕ್ಕೆ ಲಿಫ್ಟ್ ಇತ್ತು, ಇಲ್ಲ ಅಂತಲ್ಲ. ಅದರ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿ ಎಷ್ಟು ಕಾಲವಾಗಿತ್ತೆಂದರೆ, ಆ ಚೀಟಿಯನ್ನೇ ಎರಡು ಸಲ ದುರಸ್ತಿ ಮಾಡಿದ್ದರು. ಅದಿರಲಿ. ಹೆಸರಿನ ಮೂಲ ಮುಖವಲ್ಲ, ಕೆಲಸ. ಅವಳ ಕೆಲಸವೇ ಗಂಟು ಬಿಚ್ಚುವುದು.

ಅದು ಕಣ್ಣಿಲ್ಲದವರಿಗಾಗಿ ಬ್ರೈಲ್ ಪುಸ್ತಕ ಮಾಡುವ ಚಿಕ್ಕ ಮುದ್ರಣಾಲಯ. ಎರಡೇ ಕೋಣೆ. ಒಂದರಲ್ಲಿ ಬ್ರೈಲ್ ಪ್ರಿಂಟರ್. ಅದು ದಪ್ಪ ಕಾಗದದ ಮೇಲೆ ಚುಕ್ಕಿ ಗುದ್ದುವಾಗ ಕೆಳಗಿನ ಮಹಡಿಯವರು ಜಗಳಕ್ಕೆ ಬರುತ್ತಾರೆಂದು ಹಳೆಯ ಹಾಸಿಗೆಯ ಮೇಲೆ ಕೂರಿಸಿದ್ದರು. ಇನ್ನೊಂದರಲ್ಲಿ ಮೇಜು, ಕಪಾಟು, ಗಂಟಕ್ಕ. ಊರ ತುಂಬ ಚದುರಿದ್ದ ನಲವತ್ತು ಜನ ತಮ್ಮ ಮನೆಯಲ್ಲೇ ಕೂತು, ಪುಣ್ಯಕ್ಕೆಂದು, ಪುಸ್ತಕಗಳನ್ನು ಟೈಪ್ ಮಾಡಿ ಕಳಿಸುತ್ತಿದ್ದರು. ಒಂದು ಅಧ್ಯಾಯ ಎಂದರೆ ಒಂದೇ ಫೈಲಲ್ಲ. ಪಾಠ ಒಂದು, ಚಿತ್ರಗಳ ವಿವರಣೆ ಇನ್ನೊಂದು, ಪಟ್ಟಿಗಳು ಮತ್ತೊಂದು. ಅದನ್ನೆಲ್ಲ ಒಟ್ಟಿಗೆ ಜಿಪ್ ಮಾಡಿ, ಗಂಟು ಕಟ್ಟಿದ ಹಾಗೆ, ಮೇಲ್‌ನಲ್ಲಿ ಕಳಿಸುವುದು. ಬಂದ ಮೇಲ್ ತೆರೆ, ಗಂಟನ್ನು ಇಳಿಸಿಕೋ, ಬಿಚ್ಚು, ಒಳಗಿನದ್ದನ್ನು ಆಯಾ ಪುಸ್ತಕದ ಫೋಲ್ಡರಿಗೆ ಸೇರಿಸು, ಮೇಲ್ ಅಳಿಸು. ಒಂದು ಗಂಟಿಗೆ ಹದಿನಾಲ್ಕು ಸಲ ಮೌಸ್ ಒತ್ತಬೇಕು. ದಿನಕ್ಕೆ ಇಪ್ಪತ್ತು ಗಂಟು. ಹನ್ನೊಂದು ವರ್ಷ. ಲೆಕ್ಕ ಹಾಕುವವರು ಹಾಕಿಕೊಳ್ಳಲಿ; ಅವಳ ಮಣಿಕಟ್ಟು ಆಗಲೇ ಹಾಕಿ ಮುಗಿಸಿತ್ತು.

ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಬಲಗೈಗೆ ಮೊಳಕೈವರೆಗೆ ಒಂದು ಪಟ್ಟಿ ಕಟ್ಟಿ, ಬೆರಳಿಗೆ ಬಿಡುವು ಕೊಡಿ ಎಂದರು. ಬಿಡುವು ಕೊಡಲು ಬೆರಳೇನು ರಜೆಯ ಮೇಲೆ ಹೋಗುತ್ತದೆಯೇ? ಗಂಡ ತೀರಿದ ಮೇಲೆ ಅವಳೂ ಅವಳ ನಾದಿನಿಯೂ ಒಂದೇ ಮನೆಯಲ್ಲಿದ್ದರು. ನಾದಿನಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳನ್ನು ಎತ್ತಿ ಇಳಿಸುವವಳು. ಕಬ್ಬಿಣದ ಕೈ, ಅದಕ್ಕಿಂತ ಗಟ್ಟಿ ಬಾಯಿ. ಬೆಳಿಗ್ಗೆ ಅತ್ತಿಗೆಯ ಜಡೆಯನ್ನು ಈಗ ಅವಳೇ ಹೆಣೆಯಬೇಕಾಗಿ ಬಂದದ್ದರಿಂದ ಆ ಬಾಯಿಗೆ ಒಳ್ಳೆಯ ಸಮಯ ಸಿಕ್ಕಿತ್ತು.

“ಮೂಟೆ ಹೊರೋರಿಗೆ ಬೆನ್ನು ನೋಯತ್ತೆ, ಅರ್ಥ ಆಗತ್ತೆ. ಕಣ್ಣಿಗೇ ಕಾಣದ ಗಂಟು ಬಿಚ್ಚಿ ಕೈ ನೋವು ಬರಿಸ್ಕೊಂಡೋರು ನೀವೊಬ್ರೇ ಅತ್ತಿಗೆ.”

“ಎಳೀಬೇಡ್ವೇ, ಕೂದಲು ಇರೋದೇ ನಾಲ್ಕು.”

“ನಾಲ್ಕಲ್ಲ, ಮೂರು. ಜಡೆಗೆ ಮೂರೇ ಸಾಕು. ಅಲುಗಾಡಬೇಡಿ.”

ಜಡೆ ಬಿಗಿಯಾಗಿ ಬೀಳುತ್ತಿತ್ತು. ಆ ಬಿಗಿಗೆ ಸಂಜೆಯವರೆಗೂ ಹುಬ್ಬು ಮೇಲಕ್ಕೆ ಎಳೆದುಕೊಂಡು, ಮುಖದ ಗಂಟು ಒಂದಿಷ್ಟು ಸಡಿಲವಾಗಿ ಕಾಣುತ್ತಿತ್ತು ಅನ್ನುವುದೂ ನಿಜ.

ಮುದ್ರಣಾಲಯದಲ್ಲಿ ಅವಳ ಎದುರಿನ ಮೇಜು ಮೇಷ್ಟ್ರದ್ದು. ಒಂಬತ್ತನೇ ವಯಸ್ಸಿಗೆ ಕಣ್ಣು ಹೋದವರು; ಒಂದು ಕಾಲಕ್ಕೆ ಪಾಠ ಹೇಳುತ್ತಿದ್ದರು, ಈಗ ಅಚ್ಚಾದ ಹಾಳೆಗಳ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುತ್ತಿದ್ದರು. ಅವರ ಕಂಪ್ಯೂಟರಿನ ಪರದೆ ಸದಾ ಆರಿರುತ್ತಿತ್ತು. ನೋಡುವವರೇ ಇಲ್ಲದ ದೀಪ ಯಾಕೆ ಉರಿಸಬೇಕು ಅನ್ನುತ್ತಿದ್ದರು. ಅದು ಅವರಿಗೆ ಓದಿ ಹೇಳುತ್ತಿತ್ತು, ಅದೂ ಎಂಥ ವೇಗದಲ್ಲಿ! ಬೇರೆಯವರ ಕಿವಿಗೆ ತಗಡಿನ ಮೇಲೆ ಕಾಳು ಸುರಿದ ಹಾಗೆ.

“ಗಂಟಕ್ಕ, ನಿಮ್ಮ ಕಡೆಯಿಂದ ಬರೋ ಟಕಟಕ ನಿಧಾನ ಆಗಿದೆ,” ಎಂದರು ಅವರು ಒಂದು ಸೋಮವಾರ. “ಮೊದ್ಲು ಮಳೆ ಬಂದ ಹಾಗಿತ್ತು. ಈಗ ನಲ್ಲಿ ಸೋರಿದ ಹಾಗಿದೆ.”

“ಸೋರ್ಲಿ ಬಿಡಿ ಮೇಷ್ಟ್ರೇ. ಪೂರ್ತಿ ನಿಂತ್ರೆ ಸಾಕಾಗಿದೆ.”

“ಮೌಸ್ ಯಾಕೆ ಮುಟ್ತೀರಿ? ನಾನು ಹುಟ್ಟಿದಾಗ್ಲಿಂದ ಅದನ್ನ ಮುಟ್ಟಿಲ್ಲ.”

ಅಂದು ಮಧ್ಯಾಹ್ನ ಅವರು ಕೂತು ಒಂಬತ್ತು ಸಾಲು ಬರೆದರು. ಕಪ್ಪು ಕಿಟಕಿಯಲ್ಲಿ ಬರೀ ಅಕ್ಷರದಲ್ಲಿ ಕೊಡುವ ಆಜ್ಞೆಗಳು, ಒಂದರ ಕೆಳಗೊಂದು, ಒಂದೇ ಫೈಲಿನಲ್ಲಿ. ಅದಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರಂತೆ. ಅದರ ಹೆಸರು ಹೇಳಿ ಒಂದು ಕೀಲಿ ಒತ್ತಿದರೆ ಸಾಕು. ಬಂದ ಮೇಲ್‌ಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ, ಮೇಲಿನ ನಮಸ್ಕಾರ ಕ್ಷೇಮ ಸಮಾಚಾರವನ್ನೆಲ್ಲ ಬಿಡುತ್ತದೆ, ಗಂಟನ್ನು ಬಿಚ್ಚಿ ಒಳಗಿನ ಫೈಲುಗಳನ್ನು ‘ಬಂದದ್ದು’ ಎಂಬ ಒಂದೇ ಫೋಲ್ಡರಿಗೆ ಹಾಕುತ್ತದೆ. ಮೊದಲ ದಿನ ಮೂರು ಮೇಲ್ ಕೊಟ್ಟು ನೋಡಿದರು. ಗಂಟಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

“ಅಷ್ಟೇನಾ?”

“ಅಷ್ಟೇ.”

“ಹನ್ನೊಂದು ವರ್ಷದ ಕೆಲಸಾನಾ ಅಷ್ಟೇ?” ಎಂದಳು. ಸಂತೋಷವೋ ಅವಮಾನವೋ ಅವಳಿಗೇ ತಿಳಿಯಲಿಲ್ಲ. ಆಮೇಲೆ, “ಮೇಲ್ ಹಾಗೇ ಉಳೀತಲ್ಲ. ತುಂಬಿದ ಇನ್‌ಬಾಕ್ಸ್ ನೋಡಿದ್ರೆ ನನಗೆ ತೊಳೀದ ಪಾತ್ರೆ ನೋಡಿದ ಹಾಗಾಗತ್ತೆ. ಬಿಚ್ಚಿದ ಮೇಲೆ ಬಿಸಾಡೋ ಹಾಗೆ ಮಾಡಿ” ಎಂದಳು. ಮೇಷ್ಟ್ರು ಹತ್ತನೇ ಸಾಲು ಬರೆದರು.

ಆ ವಾರ ಅವಳಿಗೆ ಅವಸರವಿತ್ತು. ಶಿಕ್ಷಕಿಯಾಗಲು ಓದುತ್ತಿದ್ದ ಒಬ್ಬ ಹುಡುಗಿ, ಕಣ್ಣಿಲ್ಲದವಳು, ಹಿಂದಿನ ವರ್ಷ ಪಠ್ಯಪುಸ್ತಕ ಸಮಯಕ್ಕೆ ಸಿಗದೆ ಪರೀಕ್ಷೆಗೆ ಕೂರಲಿಲ್ಲ. ತಡ ಮಾಡಿದ್ದು ಇದೇ ಮುದ್ರಣಾಲಯ. ಈ ವರ್ಷವೂ ಕೂರದಿದ್ದರೆ ಸೀಟು ಹೋಗುತ್ತದೆ, ಮೂರನೇ ಅವಕಾಶ ಇಲ್ಲ. ಮಕ್ಕಳ ಮನಸ್ಸಿನ ಬಗ್ಗೆ ಏಳು ಅಧ್ಯಾಯದ ಪುಸ್ತಕ. ಮೊದಲ ಮೂರನ್ನು ಗಂಟಕ್ಕ ಕೈಯಲ್ಲೇ ಬಿಚ್ಚಿ ಮುಗಿಸಿದ್ದಳು. ಉಳಿದ ನಾಲ್ಕು ಆ ವಾರ ಬಂದವು. ಮುಂದಿನ ಶನಿವಾರ ಪರೀಕ್ಷೆ. ಸೋಮವಾರ ಹನ್ನೊಂದಕ್ಕೆ ಬರುವ ಅಂಚೆ ಗಾಡಿಗೆ ಪುಸ್ತಕ ಹಾಕುತ್ತೇನೆಂದು ಗಂಟಕ್ಕ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಮಾತು ಕೊಡುವಾಗ ಅವಳು ಯಾವಾಗಲೂ ಎದ್ದು ನಿಲ್ಲುತ್ತಿದ್ದಳು, ಅಂದೂ ನಿಂತಿದ್ದಳು.

ಶನಿವಾರ ಮಧ್ಯಾಹ್ನ ಮೇಷ್ಟ್ರು ಅಚ್ಚಾದ ಹಾಳೆ ಓದುತ್ತಿದ್ದರು. ಬೆರಳು ಸರಸರ ಹೋಗುತ್ತಿದ್ದದ್ದು ಒಂದು ಕಡೆ ನಿಂತಿತು. ಹಿಂದೆ ಬಂತು. ಮತ್ತೆ ಹೋಯಿತು.

“ಗಂಟಕ್ಕ, ಮೂರನೇ ಅಧ್ಯಾಯದ ಕೊನೇಲಿ ಮಗು ಹಠ ಮಾಡ್ತಿದೆ ಅಲ್ವಾ?”

“ಹೂಂ, ಮಾಡ್ತಿದೆ.”

“ನಾಲ್ಕನೇದ್ರಲ್ಲಿ ಏನು ಮಾಡ್ಬೇಕು ಅಂತ ಬರ್ದಿದ್ದಾರೆ ಕೇಳಿ. ‘ಮೊದಲು ಚೆನ್ನಾಗಿ ಹೊಗೆ ಹಾಕಿ. ಹೊಗೆಗೆ ಅವು ಮಂಕಾಗುತ್ತವೆ. ಆಮೇಲೆ ಮೆಲ್ಲಗೆ ಮುಚ್ಚಳ ತೆಗೆಯಿರಿ.’”

“ಏನು!”

“‘ಕಚ್ಚಿದರೆ ಗಾಬರಿಯಾಗಬೇಡಿ, ಕೊಂಡಿಯನ್ನು ಉಗುರಿನಿಂದ ಕೆರೆದು ತೆಗೆಯಿರಿ.’ ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೀನಿ ಅಕ್ಕ. ಇಷ್ಟು ಒಳ್ಳೆ ಉಪಾಯ ಯಾರೂ ಹೇಳ್ಕೊಡ್ಲಿಲ್ಲ.”

ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಟಕ್ಕನೂ ನಕ್ಕಳು, ಆಮೇಲೆ ಆ ಹೊಗೆ, ಮುಚ್ಚಳ, ಕೊಂಡಿ ಎಲ್ಲಿಯದೆಂದು ಹೊಳೆಯಿತು. ಜೇನು ಸಾಕಣೆಯ ಪುಸ್ತಕ. ಅದರ ಕೊನೆಯ ಅಧ್ಯಾಯವೂ ಅದೇ ವಾರ ಬಂದಿತ್ತು. ಅದೂ ನಾಲ್ಕನೆಯದು.

ನಲವತ್ತು ಜನರೂ ಫೈಲಿಗೆ ಒಂದೇ ರೀತಿ ಹೆಸರಿಡಬೇಕು, ‘ಅಧ್ಯಾಯ ನಾಲ್ಕು’ ಅಂದರೆ ‘ಅಧ್ಯಾಯ ನಾಲ್ಕು’, ಬೇರೆ ಬಾಲ ಬಾಲಂಗೋಚಿ ಬೇಡ ಎಂದು ನಿಯಮ ಮಾಡಿದವಳು ಗಂಟಕ್ಕನೇ. ಕೈಯಲ್ಲಿ ಬಿಚ್ಚುವಾಗ ಅದರಿಂದ ಒಂದು ತೊಂದರೆಯೂ ಆಗಿರಲಿಲ್ಲ; ಕಳಿಸಿದವರ ಹೆಸರು ನೋಡಿದೊಡನೆ ಯಾವ ಪುಸ್ತಕ ಎಂದು ಅವಳ ತಲೆಗೆ ಹೊಳೆಯುತ್ತಿತ್ತು, ಕೈ ತಾನಾಗಿ ಆ ಫೋಲ್ಡರಿಗೆ ಹೋಗುತ್ತಿತ್ತು. ಹೊಳೆಯುತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಮೇಷ್ಟ್ರಿಗೆ ಹೇಳಿರಲೂ ಇಲ್ಲ. ಸ್ಕ್ರಿಪ್ಟಿಗೆ ಯಾರ ಮನೆ ಯಾವುದೆಂದು ಏನು ತಿಳಿಯಬೇಕು? ಮಕ್ಕಳ ನಾಲ್ಕನೇ ಅಧ್ಯಾಯವನ್ನು ಇಟ್ಟಿತು. ಜೇನಿನ ನಾಲ್ಕನೇ ಅಧ್ಯಾಯ ಬಂತು, ಅದೇ ಹೆಸರು, ಅದರ ಮೇಲೇ ಇಟ್ಟಿತು. ಹಳೆಯದು ಅಳಿಸಿಹೋಯಿತು. ಆಮೇಲೆ ಹತ್ತನೇ ಸಾಲು ಎರಡೂ ಮೇಲ್‌ಗಳನ್ನು, ಹೇಳಿದ ಹಾಗೆ, ಬಿಸಾಡಿತು.

“ನಂದೇ ತಪ್ಪು,” ಎಂದರು ಮೇಷ್ಟ್ರು. ನಗು ಪೂರ್ತಿ ಇಳಿದಿತ್ತು. “ಒಂದೇ ಹೆಸರಿನವು ಬಂದ್ರೆ ಏನು ಗತಿ ಅಂತ ಕೇಳ್ಬೇಕಾಗಿತ್ತು.”

“ತಪ್ಪು ಆಮೇಲೆ ಹಂಚ್ಕೊಳ್ಳೋಣ. ಟೈಪ್ ಮಾಡಿದೋರ ಹತ್ರ ಪ್ರತಿ ಇರತ್ತೆ.”

ಆ ಅಧ್ಯಾಯವನ್ನು ಟೈಪ್ ಮಾಡಿದವರು ನಿವೃತ್ತ ದಾದಿ. ಎಪ್ಪತ್ತನಾಲ್ಕು ವಯಸ್ಸು, ಎರಡೇ ಬೆರಳಲ್ಲಿ ಮೂರು ವಾರ ಕುಟ್ಟಿ ಮುಗಿಸಿದ್ದರು. ಫೋನ್ ಎತ್ತಿದವರೇ ಗಂಟಕ್ಕನ ಕೈ ಹೇಗಿದೆ, ಮಲಗುವಾಗ ಕೆಳಗೆ ದಿಂಬಿಡುತ್ತೀರೋ ಇಲ್ಲವೋ ಎಂದು ವಿಚಾರಿಸಿ, ಪಟ್ಟಿಯನ್ನು ಎಷ್ಟು ಬಿಗಿ ಕಟ್ಟಬೇಕೆಂದು ಹೇಳಿ, ಆಮೇಲೆ ವಿಷಯ ಕೇಳಿಸಿಕೊಂಡರು.

“ಪ್ರತೀನಾ? ಇಲ್ವಲ್ಲಮ್ಮ. ಕಳಿಸಿದ ಮೇಲೆ ಅಳಿಸಿಬಿಡಿ ಅಂದಿದ್ರಿ. ಅಳಿಸ್ದೆ.”

“ಕಳಿಸಿದ ಮೇಲ್‌ನಲ್ಲಿ ಇರ್ಬೇಕಲ್ಲಮ್ಮ?”

“ಅಲ್ಲೂ ಅಳಿಸಿ ಅಂದಿದ್ರಿ. ಅಲ್ಲೂ ಅಳಿಸ್ದೆ. ಕಸದ ಬುಟ್ಟೀನೂ ಖಾಲಿ ಮಾಡ್ದೆ. ವಾರ್ಡಿನಲ್ಲಿ ನಮಗೆ ಒಂದು ಸಲ ಹೇಳಿದ್ರೆ ಆಯ್ತು ಕಣಮ್ಮ, ಎರಡನೇ ಸಲ ಹೇಳಿಸ್ಕೊಂಡೋಳಲ್ಲ ನಾನು.”

ಹೌದು, ಹೇಳಿದ್ದಳು. ಹಿಂದೊಮ್ಮೆ ಯಾರೋ ತಿದ್ದದ ಹಳೆಯ ಪ್ರತಿಯನ್ನು ಎರಡನೇ ಸಲ ಕಳಿಸಿ, ಇನ್ನೂರು ಪುಸ್ತಕ ತಪ್ಪಾಗಿ ಅಚ್ಚಾದ ಮೇಲೆ, ಒಬ್ಬೊಬ್ಬರಿಗೂ ಫೋನ್ ಮಾಡಿ ಗಂಟಕ್ಕನೇ ಹೇಳಿದ್ದಳು. ನಲವತ್ತು ಜನರಲ್ಲಿ ಮೂವತ್ತೊಂಬತ್ತು ಜನ ಹೂಂ ಎಂದು ಮರೆತಿರಬಹುದು. ಈ ಪುಣ್ಯಾತಗಿತ್ತಿ ಮರೆಯಲಿಲ್ಲ.

ಅಳಿಸಿದ ಮೇಲ್ ತಿರುಗಿ ಸಿಗುತ್ತದೆಯೇ ಎಂದು ಕೇಳಿದರೆ ಮೇಲ್ ಕಂಪನಿಯವರು ನಾಲ್ಕು ದಿನ ನೋಡಿ ಎಂದರು. ವ್ಯವಸ್ಥಾಪಕರು ಯಾವುದೋ ಮದುವೆಮನೆಯ ಗದ್ದಲದಿಂದ ಫೋನಿನಲ್ಲಿ ಕೂಗಿದರು: “ಒಂದು ಅಧ್ಯಾಯ ಇಲ್ದಿದ್ರೆ ಆಕಾಶ ಬೀಳತ್ತಾ? ಆರು ಕಳ್ಸಿ. ಏಳನೇದು ಮುಂದಿನ ವಾರ ನೋಡೋಣ.”

“ಏಳನೇದಲ್ಲ ಸಾರ್, ನಾಲ್ಕನೇದು. ಮುಂದಿನ ವಾರ ಪರೀಕ್ಷೇನೇ ಮುಗ್ದಿರತ್ತೆ,” ಎಂದು ಗಂಟಕ್ಕ ಫೋನ್ ಇಟ್ಟಳು. ತುಸು ಜೋರಾಗಿಯೇ ಇಟ್ಟಳು. ಮಣಿಕಟ್ಟು ಚುರುಕ್ ಅಂದಿತು.

ಮುದ್ರಿತ ಪುಸ್ತಕ ಕಪಾಟಿನಲ್ಲಿತ್ತು. ನಾಲ್ಕನೇ ಅಧ್ಯಾಯ, ಮೂವತ್ತೊಂದು ಪುಟ. ಆ ಕೈಯಲ್ಲಿ ಮೂವತ್ತೊಂದು ಸಾಲು ಟೈಪ್ ಮಾಡುವುದೂ ಆಗದ ಮಾತು. ಮೇಷ್ಟ್ರಿಗೆ ಬೆರಳಿದೆ, ಕಣ್ಣಿಲ್ಲ. ಅವಳಿಗೆ ಕಣ್ಣಿದೆ, ಬೆರಳಿಲ್ಲ.

“ನಾಳೆ ಭಾನುವಾರ ಬರ್ತೀರಾ?” ಎಂದರು ಮೇಷ್ಟ್ರು. “ನೀವು ಓದಿ. ನಾನು ಹೊಡೀತೀನಿ.”

ಭಾನುವಾರ ಬೆಳಿಗ್ಗೆ ನಾದಿನಿ ಜಡೆ ಹೆಣೆಯುತ್ತ, “ಇವತ್ತೂ ಹೋಗ್ಬೇಕಾ? ಒಂದಿನ ಬಿದ್ಕೊಳ್ಳಿ ಅತ್ತಿಗೆ, ನಿಮ್ಮ ಗಂಟು ಯಾರೂ ಕದಿಯಲ್ಲ” ಎಂದಳು.

“ನಾನೇ ಕಳ್ಕೊಂಡಿದ್ದೀನಿ ಕಣೇ.”

ಆ ದನಿ ಕೇಳಿ ನಾದಿನಿ ಜಡೆಯನ್ನು ಬೇಗ ಬೇಗ ಮುಗಿಸಿದಳು. ಬ್ರೆಡ್ಡಿನ ಪೊಟ್ಟಣ, ಚಹಾ ತುಂಬಿದ ಫ್ಲಾಸ್ಕು ಎರಡನ್ನೂ ಚೀಲಕ್ಕೆ ತುರುಕಿ, ಬಸ್ ನಿಲ್ದಾಣದವರೆಗೆ ಚೀಲ ತಾನೇ ಹೊತ್ತು ತಂದಳು. ದಾರಿಯುದ್ದಕ್ಕೂ ಬೈದಳು ಅನ್ನಿ, ಆದರೆ ಹೊತ್ತಳು.

ಮೇಷ್ಟ್ರು ಆಗಲೇ ಬಂದು ಕೂತಿದ್ದರು. ಬ್ರೈಲ್ ಹೊಡೆಯಲು ಕೀಲಿಮಣೆಯಲ್ಲಿ ಅವರಿಗೆ ಆರೇ ಕೀಲಿ ಸಾಕು, ಎಡಗೈಗೆ ಮೂರು, ಬಲಗೈಗೆ ಮೂರು. ಒಂದು ಅಕ್ಷರದ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಒತ್ತಿಬಿಡುತ್ತಿದ್ದರು, ಹಾರ್ಮೋನಿಯಂ ಬಾರಿಸಿದ ಹಾಗೆ. ಗಂಟಕ್ಕ ಕನ್ನಡಕ ಏರಿಸಿ ಓದಲು ಶುರು ಮಾಡಿದಳು. ಅಧ್ಯಾಯದ ಹೆಸರು ‘ದಣಿವು ಮತ್ತು ಗಮನ’.

“ಯಾರು ಬರ್ದೋರೋ, ನಮ್ಮನ್ನ ನೋಡೇ ಬರ್ದಿರ್ಬೇಕು,” ಎಂದಳು.

“ಅದನ್ನೂ ಹೊಡೀಲಾ?”

“ಬೇಡಪ್ಪ! ಪುಸ್ತಕದ್ದು ಮಾತ್ರ.”

ಮೊದಮೊದಲು ಚೆನ್ನಾಗಿತ್ತು. ಅವಳು ನಡುವೆ ಏನಾದರೂ ಅಂದರೆ ಮೇಷ್ಟ್ರು ಕೈ ಎತ್ತುತ್ತಿದ್ದರು, ಓದಿದಾಗ ಮತ್ತೆ ಇಳಿಸುತ್ತಿದ್ದರು. ಹನ್ನೆರಡು ಪುಟ ಮುಗಿಯುವ ಹೊತ್ತಿಗೆ ಗಂಟಕ್ಕನ ಗಂಟಲು ಒಣಗಿತು. ಹದಿನೆಂಟಕ್ಕೆ ಕಣ್ಣು ನೀರಾಡಿತು. ಭಾನುವಾರದ ಬೀದಿ ಸದ್ದಿಲ್ಲದೆ ಬಿದ್ದುಕೊಂಡಿತ್ತು, ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಮೇಷ್ಟ್ರ ಕೈ ಎತ್ತುವುದು ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ದಣಿದ ಮನುಷ್ಯ, ಕಿವಿಗೆ ಬಿದ್ದದ್ದು ತಲೆಗೆ ಹೋಗದೆ ನೇರ ಬೆರಳಿಗೆ ಇಳಿಯುತ್ತಿತ್ತು. ಅವಳ ದನಿಯೂ ಓದುವುದಕ್ಕೂ ಗೊಣಗುವುದಕ್ಕೂ ಒಂದೇ ಆಗಿಬಿಟ್ಟಿತ್ತು. ಐದೂವರೆಗೆ ಕೊನೆಯ ಪುಟ ಮುಗಿದಾಗ ಗಂಟಕ್ಕ ಪುಸ್ತಕ ಮುಚ್ಚಿ ಅದರ ಮೇಲೆಯೇ ಹಣೆ ಇಟ್ಟಳು. ಮೇಷ್ಟ್ರು ಹತ್ತು ಬೆರಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಕೂತರು.

ಹೊಡೆದವರೇ ತಿದ್ದಬಾರದು, ಬೇರೆ ಬೆರಳು ಓದಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟು. ಬೇರೆ ಬೆರಳು ಎಲ್ಲಿಂದ ತರುವುದು? ಸೋಮವಾರ ಏಳಕ್ಕೇ ಪ್ರಿಂಟರ್ ಗುದ್ದಲು ಶುರು ಮಾಡಿತು, ಕೆಳಗಿನ ಮಹಡಿಯವರು ಜಗಳಕ್ಕೂ ಬಂದು ಹೋದರು, ಹನ್ನೊಂದರ ಗಾಡಿಗೆ ಪುಸ್ತಕ ಹೋಯಿತು. ಮಧ್ಯಾಹ್ನ ಮೇಷ್ಟ್ರು ಹತ್ತನೇ ಸಾಲನ್ನು ಕಿತ್ತರು. ಅದರ ಜಾಗದಲ್ಲಿ ಪ್ರತಿ ಫೈಲಿನ ಹೆಸರಿನ ಮುಂದೆ ಕಳಿಸಿದವರ ಹೆಸರು ಸೇರಿಸುವ ಸಾಲು ಬರೆದರು. ಗಂಟಕ್ಕ ನಲವತ್ತು ಮನೆಗೆ ಫೋನ್ ಮಾಡಿ, ಇನ್ನು ಮೇಲೆ ಯಾರೂ ಏನೂ ಅಳಿಸಬೇಡಿ ಎಂದಳು. ದಾದಿಯಮ್ಮನಿಗೆ ಮಾತ್ರ ಎರಡು ಸಲ ಹೇಳಬೇಕಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಆ ಹುಡುಗಿಯೇ.

“ಮೇಡಂ, ಎಲ್ಲ ಓದಿ ಮುಗಿಸ್ದೆ. ನಾಲ್ಕನೇ ಅಧ್ಯಾಯದ ಉದಾಹರಣೆಗಳು ತುಂಬ ಚೆನ್ನಾಗಿವೆ. ಪರೀಕ್ಷೇಲಿ ಹಾಗೇ ಬರೀಬಹುದಾ ಅಂತ ಕೇಳೋಣ ಅಂದ್ಕೊಂಡೆ.”

“ಯಾವ ಉದಾಹರಣೆ ತಾಯಿ?”

“ಅದೇ, ‘ಅಯ್ಯೋ ಶಿವನೇ, ಈ ಸಾಲು ಎರಡು ಸಲ ಓದಿದ್ನಾ, ಕನ್ನಡಕ ಒರೆಸ್ಕೋತೀನಿ ಇರಿ.’ ದಣಿದವರ ಗಮನ ಹೇಗೆ ಜಾರತ್ತೆ ಅನ್ನೋದಕ್ಕೆ.”

ಗಂಟಕ್ಕ ಫೋನ್ ಹಿಡಿದೇ ಎದ್ದು ನಿಂತಳು. ಎದುರಿಗೆ ಮೇಷ್ಟ್ರ ಬೆರಳು ಹಾಳೆಯ ಮೇಲೆ ಗಕ್ಕನೆ ನಿಂತಿತು.

“ಬರೀಬೇಡ ಕಣಮ್ಮ,” ಎಂದಳು. “ಅದು ಪುಸ್ತಕ ಅಲ್ಲ. ಅದು ನಾನು.”

ಆ ಕಡೆಯಿಂದ ನಗು, ಎಂಥ ನಗು ಅಂದರೆ ಮೇಷ್ಟ್ರಿಗೂ ಕೇಳಿಸಿತು.

ಪರೀಕ್ಷೆ ನಾಳೆ. ತಿದ್ದಿದ ಹಾಳೆ ಕಳಿಸಲು ಹೊತ್ತೆಲ್ಲಿದೆ? ಹುಡುಗಿ ಅನುಮಾನ ಬಂದ ಸಾಲನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ಓದುತ್ತಾ ಹೋದಳು, ಗಂಟಕ್ಕ ಕುರ್ಚಿಗೆ ಒರಗಿ ಬೇರ್ಪಡಿಸುತ್ತಾ ಹೋದಳು.

“‘ಸಣ್ಣ ವಿರಾಮದ ನಂತರ ಗಮನ ಮರಳುತ್ತದೆ.’”

“ಪುಸ್ತಕ.”

“‘ಆ ಫ್ಲಾಸ್ಕು ಇತ್ತ ತಳ್ಳಿ.’”

“ನಾನು.”

“‘ಇನ್ನೆಷ್ಟು ಪುಟ ಇದೆಯೋ, ಬೆನ್ನು ಎರಡಾಯ್ತು.’”

“ನಾನು. ಮುಂದೆ ಹೇಳು.”

“‘ಬಹಳ ಹೊತ್ತು ದುಡಿದ ಕೈ ತಾನಾಗಿ ನಿಧಾನವಾಗುತ್ತದೆ, ಅದಕ್ಕೆ ಅದನ್ನು ಬೈಯಬಾರದು.’”

ಗಂಟಕ್ಕನಿಗೆ ಓದಿದ ನೆನಪೂ ಇತ್ತು, ಅಂದ ನೆನಪೂ ಇತ್ತು. ಆ ಸಾಲನ್ನು ಮೇಷ್ಟ್ರಿಗೆ ಹೇಳಿ ಕೇಳಿದಳು. ಅವರು ತಮಗೂ ತಿಳಿಯದೆಂದು ತಲೆ ಅಲ್ಲಾಡಿಸಿದರು.

“ಇರು ಮಗಳೇ, ನೋಡಿ ಹೇಳ್ತೀನಿ.”

ಎಡಗೈಯಲ್ಲಿ ಕಪಾಟು ತೆಗೆದು, ಪುಸ್ತಕವನ್ನು ಮೇಜಿಗೆಳೆದು, ಪಟ್ಟಿ ಕಟ್ಟಿದ ಬಲಗೈಯಿಂದ ಪುಟ ಒತ್ತಿಹಿಡಿದು, ಸಾಲಿನಿಂದ ಸಾಲಿಗೆ ಇಳಿದಳು. ಆ ಅಧ್ಯಾಯದ ಇಪ್ಪತ್ತಾರನೇ ಪುಟದ ಕೆಳಗೆ, ಕೊನೆಯ ಎರಡು ಸಾಲಿನಲ್ಲಿ ಇತ್ತು.

“ಪುಸ್ತಕದ್ದೇ ಕಣಮ್ಮ,” ಎಂದಳು.

“ಹಾಗಾದ್ರೆ ಬರೀತೀನಿ,” ಎಂದಳು ಹುಡುಗಿ. “ಮುಂದಿನದು ಓದ್ಲಾ?”